ಹಸಿರು ಲಾಡ್ಜಿನ ಮಂಚ

ಚಿಕ್ಕಗಂಗಮ್ಮ ತಿಪಟೂರಿನ ಹಸಿರು ಲಾಡ್ಜಿನಲ್ಲಿ ಕಕ್ಕಸು ತೊಳೆಯುತ್ತಿದ್ದಳು.

ಬೋರ್ಡಿನ ಮೇಲೆ ಆ ಲಾಡ್ಜಿಗೆ ಯಾವುದೋ ದೇವರ ಹೆಸರಿತ್ತು. ಗೋಡೆಗೆ ಹಸಿರು ಬಳಿದಿದ್ದರಿಂದ ಮಂಡಿಯ ಜನ ಹಸಿರು ಲಾಡ್ಜು ಅನ್ನುತ್ತಿದ್ದರು. ಕೊಬ್ಬರಿ ಹರಾಜಿಗೆ ಬರುವ ದೂರದ ವ್ಯಾಪಾರಿಗಳು, ಲಾರಿಯವರು, ಕೋರ್ಟು ಕೆಲಸಕ್ಕೆ ಬಂದು ಕಡೇ ಬಸ್ಸು ತಪ್ಪಿಸಿಕೊಂಡವರು ಅಲ್ಲಿ ತಂಗುತ್ತಿದ್ದರು. ಬಾಡಿಗೆ ಕಡಿಮೆ. ಕೆಳಗೆ ಹೋಟೆಲು, ಮೇಲೆ ರೂಮುಗಳು. ಒಂದೊಂದು ರೂಮಿಗೂ ಎರಡು ಕಬ್ಬಿಣದ ಮಂಚ, ಹತ್ತಿ ಹಾಸಿಗೆ, ಒಂದು ಹೂಜಿ ನೀರು, ಹೂಜಿಯ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟ. ಕಕ್ಕಸು ಮಾತ್ರ ಪಡಸಾಲೆಯ ತುದಿಗೆ, ಎಲ್ಲರಿಗೂ ಸೇರಿ.

ನೀರು ಹಾಕುವ ಅಭ್ಯಾಸ ಬಂದವರಲ್ಲಿ ಅರ್ಧ ಜನಕ್ಕೆ ಇರಲಿಲ್ಲ. ಕುಡಿದವರು ಗೋಡೆಗೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದರು. ಚಿಕ್ಕಗಂಗಮ್ಮ ಹಿತ್ತಲಿನ ಬಾಗಿಲಿಂದ ಬಂದು, ಹಿಂದಿನ ಮೆಟ್ಟಿಲು ಹತ್ತಿ, ಬಗ್ಗಿದರೆ ಮಧ್ಯಾಹ್ನದವರೆಗೂ ಬಗ್ಗಿಯೇ ಇರುತ್ತಿದ್ದಳು. ಸೊಂಟ ಹಿಡಿದುಕೊಂಡಿತ್ತು. ಬ್ಲೀಚಿಂಗ್ ಪೌಡರ್ ಅಂಗೈ ತಿಂದುಹಾಕಿತ್ತು. ಸಾರು ಕಲೆಸಿದರೆ ಖಾರ ಹತ್ತಿ ಕೈ ಉರಿಯುತ್ತಿತ್ತು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮುಂಚೆ ಅವಳು ಮಂಡಿಯೊಂದರಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುವ ಕೂಲಿ ಮಾಡುತ್ತಿದ್ದಳು. ಮಚ್ಚು ಜಾರಿ ಬೆರಳು ಹೋದವು. ಬೆರಳಿಲ್ಲದವಳನ್ನು ಮಂಡಿಯವರು ಮತ್ತೆ ಕರೆಯಲಿಲ್ಲ. ಕಕ್ಕಸು ತೊಳೆಯಲು ಬೆರಳು ಎಷ್ಟಿದ್ದರೂ ನಡೆಯುತ್ತದೆ.

ರೂಮುಗಳ ಕಸ ಗುಡಿಸುವುದೂ ಅವಳೇ. ಕೊಳೆಯಾದ ದುಪ್ಪಟಿ ಎಳೆದುಕೊಂಡು ಹಿತ್ತಲಿಗೆ ತಂದು ಒಗೆಯುವುದೂ ಅವಳೇ. ಒಗೆದು ತಂತಿಗೆ ಹಾಕುವವರೆಗೆ ಅವಳ ಕೈ ಆಗುತ್ತಿತ್ತು. ಒಣಗಿದ ಮೇಲೆ ಅವಳು ಮುಟ್ಟುವಂತಿರಲಿಲ್ಲ. ಪಾತ್ರೆ ತೊಳೆಯುವ ಕೆಂಪಕ್ಕ ಬಂದು ಅವನ್ನು ಮಡಿಚಿ ತೆಗೆದುಕೊಂಡು ಹೋಗಿ ಮಂಚಕ್ಕೆ ಹಾಸುತ್ತಿದ್ದಳು. ಕೆಂಪಕ್ಕನೇ ಅವಳಿಗೆ ಕಾಫಿ ಕೊಡುತ್ತಿದ್ದದ್ದು. ಹಿತ್ತಲ ಗೋಡೆಯ ಮೇಲೆ ಒಂದು ಕರಟ ಇತ್ತು. ಕೆಂಪಕ್ಕ ಎತ್ತರದಿಂದ ಅದಕ್ಕೆ ಹುಯ್ಯುತ್ತಿದ್ದಳು. ಕೆಟ್ಟ ಹೆಂಗಸೇನಲ್ಲ. ಒಂದೊಂದು ದಿನ ಮಿಕ್ಕ ಇಡ್ಲಿಯನ್ನೂ ಎಲೆಯ ಮೇಲೆ ಇಟ್ಟು ಹೋಗುತ್ತಿದ್ದಳು.

ಚಿಕ್ಕಗಂಗಮ್ಮನ ಗಂಡ ದುರ್ಗಯ್ಯ ಕಾಯಿ ಕೀಳುವಾಗ ತೆಂಗಿನಮರದಿಂದ ಬಿದ್ದು ಸತ್ತಿದ್ದ. ತೋಟದವರು ಮರದ ಬುಡಕ್ಕೆ ಪೂಜೆ ಮಾಡಿಸಿದರು. ಇವಳ ಮನೆಗೆ ಬರಲಿಲ್ಲ. ಇದ್ದವನು ಒಬ್ಬನೇ ಮಗ, ಗಂಗಯ್ಯ. ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಮಾಡಿದ. ಬೆಂಗಳೂರಿನಲ್ಲಿ ಲೆಕ್ಕ ತಪಾಸಣೆ ಮಾಡುವ ಆಫೀಸಿನಲ್ಲಿ ಗುಮಾಸ್ತನಾದ. ಅವಳ ಊರಿದ್ದ ಕಿಬ್ಬನಹಳ್ಳಿ ಸುತ್ತಮುತ್ತಲ ಕೇರಿಗಳಲ್ಲಿ ಅಷ್ಟು ಓದಿದವರು ಆಗ ಇನ್ಯಾರೂ ಇರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಅವನನ್ನು ಗಂಗಾಧರ ಅನ್ನುತ್ತಾರೆ ಎಂದು ಅವನೇ ಒಮ್ಮೆ ಹೇಳಿದ್ದ. ಊರಿಗೆ ಬರುವುದು ಬರಬರುತ್ತಾ ಕಡಿಮೆಯಾಯಿತು. ರಜಾ ಸಿಗುವುದಿಲ್ಲ ಅನ್ನುತ್ತಿದ್ದ. ಅವಳೂ ಅವನಿಗೆ ಒಂದು ಸುಳ್ಳು ಹೇಳಿದ್ದಳು. ಮಂಡಿಯಲ್ಲಿ ನೆರಳಲ್ಲಿ ಕೂತು ಕೊಬ್ಬರಿ ಆರಿಸುವ ಕೆಲಸ, ಕಷ್ಟವೇನಿಲ್ಲ ಅಂದಿದ್ದಳು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೇಲಿನ ಮೂಲೆ ರೂಮಿಗೆ ಗುಡಿಸಲು ಹೋದಳು. ಸೊಸೈಟಿಯ ಲೆಕ್ಕ ನೋಡಲು ಬೆಂಗಳೂರಿನಿಂದ ಸಾಹೇಬರು ಬಂದಿದ್ದಾರೆ, ಚೆನ್ನಾಗಿ ಗುಡಿಸು ಎಂದು ಲಾಡ್ಜಿನ ಯಜಮಾನ ಮರುಳಪ್ಪ ಹೇಳಿ ಕಳಿಸಿದ್ದ. ಬಾಗಿಲು ತೆರೆದಿತ್ತು. ಒಂದು ಮಂಚದ ಮೇಲೆ ವಯಸ್ಸಾದವರು ಒಬ್ಬರು ಪೇಪರು ಓದುತ್ತಾ ಕೂತಿದ್ದರು. ಇನ್ನೊಬ್ಬ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತು ತಲೆ ಬಾಚುತ್ತಿದ್ದ. ಆ ಕತ್ತು ನೋಡಿದ ತಕ್ಷಣ ಅವಳಿಗೆ ಗೊತ್ತಾಯಿತು. ಅವನು ತಿರುಗಿದ. ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಕಕ್ಕಸಿನ ಬಕೆಟ್ಟು.

ವಯಸ್ಸಾದವರು ಆಡಿಟರ್ ಹನುಮಂತಯ್ಯ. ಪೇಪರಿನಿಂದ ಮುಖ ತೆಗೆಯದೆ ಬಕೆಟ್ಟು ಹೊರಗಿಟ್ಟು ಬರಲು ಹೇಳಿದರು. ಅವಳು ಹೊರಗಿಟ್ಟು ಬಂದಳು. ಅವರು ಎರಡೂ ಕಾಲು ಮಂಚದ ಮೇಲೆ ಎತ್ತಿಕೊಂಡರು. ಗಂಗಯ್ಯ ಇನ್ನೂ ನಿಂತೇ ಇದ್ದ.

“ನೀನೂ ಕಾಲೆತ್ಕೊಳ್ಳಪ್ಪ ಗಂಗಾಧರ, ಗುಡಿಸ್ಲಿ” ಅಂದರು.

ಅವನು ತನ್ನ ಮಂಚದ ಮೇಲೆ ಕೂತು ಕಾಲು ಎತ್ತಿಕೊಂಡ. ಅವಳು ಮಂಡಿಯೂರಿ ಅವನ ಕಾಲಿನ ಕೆಳಗೆ ಗುಡಿಸಿದಳು. ಬೀಡಿ ತುಂಡು, ಹಳೆಯ ಬಾಡಿಗೆದಾರರ ಕೂದಲು, ಧೂಳು ಬಂತು. ಬಳಿದುಕೊಂಡು ಎದ್ದಳು. ಹೊರಗೆ ಬಂದು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರಲಿಲ್ಲ. ಅವನಿಗೆ ತಾನು ಸಿಕ್ಕಿಬಿದ್ದೆ ಅನ್ನುವುದೇ ಮೊದಲು ತಲೆಗೆ ಬಂತು. ಅವನೂ ಸಿಕ್ಕಿಬಿದ್ದ ಅನ್ನುವುದು ಆಮೇಲೆ ಹೊಳೆಯಿತು. ಮನೆಗೆ ಒಂದು ಬಸ್ಸಿನ ದೂರದಲ್ಲಿ ಬಂದು ಇಳಿದಿದ್ದಾನೆ. ಹೇಳಿ ಕಳಿಸಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದವನು ಹಿತ್ತಲಿಗೆ ಬಂದ. ಅವಳು ತೊಟ್ಟಿಯ ಹತ್ತಿರ ದುಪ್ಪಟಿ ಒಗೆಯುತ್ತಿದ್ದಳು. ತಂತಿಯ ಮೇಲೆ ಹಾಕಿದ್ದ ದುಪ್ಪಟಿಗಳ ಮರೆಯಲ್ಲಿ ನಿಂತುಕೊಂಡ.

“ಕೊಬ್ಬರಿ ಆರಿಸ್ತೀನಿ ಅಂದಿದ್ಯಲ್ಲವ್ವ” ಅಂದ.

“ರಜಾ ಸಿಗಲ್ಲ ಅಂದಿದ್ಯಲ್ಲಪ್ಪ” ಅಂದಳು.

ಅವನು ಇದ್ದದ್ದು ಹೇಳಿದ. ಹನುಮಂತಯ್ಯನವರು ಒಳ್ಳೆಯವರು. ಬೆಂಗಳೂರಿನಲ್ಲಿ ಯಾರೂ ರೂಮು ಕೊಡದೆ ಅಲೆಯುತ್ತಿದ್ದಾಗ ತಮ್ಮ ಮನೆಯ ಹಿಂದಿನ ಒಂಟಿ ರೂಮು ಕೊಟ್ಟರು. ಯಾವ ಜನ ಅಂತ ಕೇಳಿದ್ದರು. ಬೇರೆ ಏನೋ ಹೇಳಿದ್ದ. ಈಗ ಅವರ ಮನೆಯ ಮಗನ ಹಾಗೆ ಇದ್ದಾನೆ. ಹಬ್ಬಕ್ಕೆ ಅಲ್ಲೇ ಊಟ. ಗೊತ್ತಾದರೆ ರೂಮು ಹೋಗುತ್ತದೆ, ಆಫೀಸಿನಲ್ಲೂ ಎಲ್ಲರಿಗೂ ಗೊತ್ತಾಗುತ್ತದೆ. ಈ ವಾರ ನೀನು ಕೆಲಸಕ್ಕೆ ಬರಬೇಡ ಅಂದ.

ಬರದಿದ್ದರೆ ಮರುಳಪ್ಪ ಬೇರೆ ಯಾರನ್ನಾದರೂ ಕರೆಯುತ್ತಾನೆ, ಆಮೇಲೆ ತನ್ನನ್ನು ಕರೆಯುವುದಿಲ್ಲ ಎಂದು ಅವಳು ವಿವರಿಸಿ ಹೇಳಿದಳು. ಅದು ಅವನಿಗೂ ಗೊತ್ತಿತ್ತು. ಕಡೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ನೀವಿಬ್ಬರೂ ಹೊರಗೆ ಹೋದ ಮೇಲೆ ರೂಮು ಗುಡಿಸುತ್ತೇನೆ, ಎದುರಿಗೆ ಸಿಕ್ಕರೆ ನೀನು ನನ್ನ ನೋಡಬೇಡ, ನಾನೂ ನೋಡುವುದಿಲ್ಲ ಅಂದಳು. ಅವನು ತಲೆ ಆಡಿಸಿದ. ಹೋಗುವಾಗ ಏನೋ ಹೇಳಲು ಬಾಯಿ ತೆರೆದ. ಕೆಂಪಕ್ಕ ಪಾತ್ರೆ ಹಿಡಿದು ಹಿತ್ತಲಿಗೆ ಬರುವುದು ಕಂಡು ಒಳಗೆ ಹೋದ. ಸಾಹೇಬರು ಇಲ್ಲಿಗ್ಯಾಕೆ ಬಂದಿದ್ದರು ಎಂದು ಕೆಂಪಕ್ಕ ಕೇಳಿದಳು. ಟವಲು ಒಣಗಿದೆಯಾ ಅಂತ ನೋಡಾಕೆ ಅಂದಳು ಚಿಕ್ಕಗಂಗಮ್ಮ.

ಮಾರನೆಯ ದಿನ ಹಾಗೆಯೇ ನಡೆಯಿತು. ಇಬ್ಬರೂ ಸೊಸೈಟಿಗೆ ಹೋಗುವುದನ್ನು ಹಿತ್ತಲಿಂದ ನೋಡಿ ಅವಳು ಮೇಲೆ ಹತ್ತಿದಳು. ಮಗನ ಮಂಚ ಯಾವುದು ಅಂತ ಗೊತ್ತಿತ್ತು. ಮೊಳೆಗೆ ಅವನ ಅಂಗಿ ನೇತುಹಾಕಿತ್ತು. ಬಾಗಿಲ ಕಡೆ ನೋಡಿ, ಅಂಗಿಯನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ. ಮೈ ತುಂಬಿಕೊಂಡಿದ್ದಾನೆ ಅಂತ ನಿನ್ನೆ ಅನ್ನಿಸಿತ್ತು. ಹೊಟ್ಟೆ ತುಂಬ ತಿನ್ನುತ್ತಿದ್ದಾನೆ, ಯಾರ ಮನೆಯದಾದರೇನು ಅಂದುಕೊಂಡಳು. ದಿಂಬು ಮಂಚದ ಅಂಚಿಗೆ ಜಾರಿತ್ತು. ಅದನ್ನು ಸರಿಮಾಡಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು. ಪೊರಕೆಯ ತುದಿಯಿಂದ ಒಳಕ್ಕೆ ತಳ್ಳಿದಳು.

ಆಮೇಲೆ ಪಡಸಾಲೆಯ ಕಕ್ಕಸು ತೊಳೆದಳು. ಅಲ್ಲಿ ಮಗನದೂ ಇತ್ತು, ಸಾಹೇಬರದೂ ಇತ್ತು, ಕೊಬ್ಬರಿ ವ್ಯಾಪಾರಿಗಳದೂ ಇತ್ತು.

ಅದರ ಮಾರನೆಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಹಿತ್ತಲ ಬಾವಿಯಿಂದ ಕೆಂಪಕ್ಕ ಸೇದಿ ಹುಯ್ದದ್ದನ್ನು ಬಕೆಟ್ಟು ಬಕೆಟ್ಟು ಮೇಲಕ್ಕೆ ಹೊರಬೇಕಾಯಿತು. ಹರಾಜಿನ ದಿನವಾದ್ದರಿಂದ ರೂಮೆಲ್ಲ ತುಂಬಿದ್ದವು. ಬಿಸಿಲು ಹಂಚು ಕಾಯಿಸಿ ಮೇಲಿನ ಪಡಸಾಲೆ ಒಲೆಯ ಹಾಗಿತ್ತು. ಬೆಳಿಗ್ಗೆ ಅವಳು ಏನೂ ತಿಂದಿರಲಿಲ್ಲ. ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಹತ್ತಿ ಹತ್ತಿ ಕಣ್ಣು ಕತ್ತಲೆ ಬರುತ್ತಿತ್ತು. ಮೂಲೆ ರೂಮು ಮಾತ್ರ ಬಾಕಿ. ಸಾಹೇಬರು ಹೋದದ್ದನ್ನು ನೋಡಿದ್ದಳು. ಇಬ್ಬರೂ ಹೋಗಿದ್ದಾರೆ ಅಂದುಕೊಂಡು ಬಾಗಿಲು ತಳ್ಳಿದಳು.

ಗಂಗಯ್ಯ ಮಲಗಿದ್ದ. ಜ್ವರ ಬಂದಿತ್ತು. ಅವಳನ್ನು ಕಂಡು ಎದ್ದು ಕೂತ. ಅವಳು ಹಿಂದಕ್ಕೆ ಹೆಜ್ಜೆ ಇಟ್ಟಳು. ಗೋಡೆ ಹಿಡಿದುಕೊಂಡಳು. ಅವನು ಬಂದು ಅವಳ ರೆಟ್ಟೆ ಹಿಡಿದ. ವರ್ಷದ ಮೇಲೆ ಮಗನ ಕೈ ಅವಳನ್ನು ಮುಟ್ಟಿದ್ದು ಅದೇ ಮೊದಲು. ಕೈ ಕೆಂಡದಂತೆ ಸುಡುತ್ತಿತ್ತು. ಅವಳು ಅದನ್ನೇ ಯೋಚಿಸುತ್ತಿದ್ದಾಗ ಅವನು ಅವಳನ್ನು ಮಂಚದ ಕಡೆಗೆ ನಡೆಸಿದ.

“ಬ್ಯಾಡ ಕಣಪ್ಪ, ನೆಲದ ಮ್ಯಾಲೆ ಕೂತ್ಕತೀನಿ” ಅಂದಳು.

“ಕೂತ್ಕಳವ್ವ. ನಾನು ಬಾಡಿಗೆ ಕೊಟ್ಟಿರೋ ಮಂಚ.”

ಹೆಗಲು ಒತ್ತಿ ಕೂರಿಸಿದ. ಹಾಸಿಗೆ ಮೆತ್ತಗೆ ಕೆಳಕ್ಕೆ ಇಳಿಯಿತು. ಅಷ್ಟು ವರ್ಷ ಆ ಮಂಚಗಳ ಕೆಳಗೆ ಗುಡಿಸಿದ್ದಳು. ಮೇಲೆ ಕೂತಿರಲಿಲ್ಲ. ಅವನು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದ. ಅವಳು ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದಳು. ಯಾರಾದರೂ ನೀರು ಕೊಟ್ಟರೆ ಕೈ ತಾನಾಗಿ ಹಾಗೆಯೇ ಸೇರಿಕೊಳ್ಳುತ್ತಿತ್ತು. ಅವನು ಅವಳ ಬೊಗಸೆ ಬಿಡಿಸಿ ಲೋಟವನ್ನು ಕೈಗಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ಅವಳು ಕುಡಿದಳು. ತಣ್ಣಗಿತ್ತು. ಇನ್ನೂ ಅರ್ಧ ಲೋಟ ಇತ್ತು.

ಬಾಗಿಲಲ್ಲಿ ಹನುಮಂತಯ್ಯನವರು ನಿಂತಿದ್ದರು. ಹುಡುಗನಿಗೆ ಜ್ವರ ಅಂತ ಸೊಸೈಟಿಯಿಂದ ಅರ್ಧಕ್ಕೇ ಎದ್ದು ಮಾತ್ರೆ ತಂದಿದ್ದರು. ಹಿಂದೆ ಮರುಳಪ್ಪ. ಅವನ ಕೈಯಲ್ಲಿ ಗಂಜಿಯ ಪಾತ್ರೆ. ಸಾಹೇಬರಿಗೆ ಅಂತ ತಾನೇ ಹೊತ್ತುಕೊಂಡು ಬಂದಿದ್ದ.

ಮರುಳಪ್ಪ ಜೋರು ಮಾತಿನವನಲ್ಲ. ಗಂಜಿಯ ಪಾತ್ರೆಯನ್ನು ಕಿಟಕಿಯ ಮೇಲಿಟ್ಟ. ಕಾಲಿನ ಚಪ್ಪಲಿ ತೆಗೆದುಕೊಂಡ. ಬೆನ್ನಿಗೆ ಒಂದು ಹೊಡೆದ. ಲೋಟ ಕೈಜಾರಿ ನೀರು ಹಾಸಿಗೆಗೆ ಚೆಲ್ಲಿತು. ಅವಳು ಎದ್ದು ನಿಂತಳು. ಕೆನ್ನೆಗೆ ಇನ್ನೊಂದು ಬಿತ್ತು.

“ಹೊಲಗೇರಿಯೋಳಿಗೆ ಮಂಚ ಬೇಕಾಯ್ತೇನೇ” ಅಂದ. ಅದನ್ನೂ ಮೆಲ್ಲಗೇ ಅಂದ.

ಹನುಮಂತಯ್ಯನವರು ಮೂಗು ಮುಚ್ಚಿಕೊಂಡು ತಮ್ಮ ಲೋಟವನ್ನೇ ನೋಡುತ್ತಿದ್ದರು. ಅದು ನೆಲದ ಮೇಲೆ ಉರುಳಿತ್ತು. ಪಾಪ, ಜ್ವರದ ಮಂಪರಿನಲ್ಲಿ ಹುಡುಗನಿಗೆ ಎಚ್ಚರ ಇರಲಿಲ್ಲ, ಅದನ್ನೇ ನೋಡಿಕೊಂಡು ಇವಳು ಹತ್ತಿ ಕೂತಿದ್ದಾಳೆ ಎಂದು ಅವರೇ ಹೇಳಿದರು. ಗಂಗಯ್ಯ ಹೌದು ಅಂದಿದ್ದರೆ ಸಾಕಿತ್ತು. ಅವಳೂ ಅದನ್ನೇ ಹಿಡಿದುಕೊಂಡಳು. ಹೌದು ಸ್ವಾಮಿ, ಅವರು ಮಲಗಿದ್ದರು, ನಾನೇ ಕೂತುಕೊಂಡೆ, ತಪ್ಪಾಯಿತು ಅಂದಳು. ಮಗನ ಕಡೆ ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತದೆ ಅಂತ ಹೆದರಿ ಗೋಡೆ ನೋಡುತ್ತಾ ನಿಂತಳು. ಮರುಳಪ್ಪ ಮತ್ತೆ ಕೈ ಎತ್ತಿದ.

“ಹೊಡೀಬೇಡಿ” ಅಂದ ಗಂಗಯ್ಯ. “ಅವರು ನಮ್ಮವ್ವ.”

ಮರುಳಪ್ಪನ ಕೈ ಮೇಲೇ ಉಳಿಯಿತು. ಹನುಮಂತಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಜ್ವರ ತಲೆಗೇರಿದೆ ಅಂದರು. ಅವನು ಇನ್ನೊಮ್ಮೆ ಹೇಳಿದ. ತನ್ನ ಊರು, ಅಪ್ಪನ ಹೆಸರು, ಕೇರಿ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. ಹನುಮಂತಯ್ಯನವರು ಮಾತ್ರೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ಅವರು ಬೈಯಲಿಲ್ಲ. ಅವರ ಮುಖ ಅಳುವವರ ಮುಖದ ಹಾಗಾಗಿತ್ತು.

“ನಮ್ಮ ದೇವರ ಮನೆವರೆಗೂ ಬಂದಿದ್ದೀಯಲ್ಲಪ್ಪ” ಅಂದರು.

ಅಷ್ಟೇ ಅವರು ಅಂದದ್ದು. ತಮ್ಮ ಪೆಟ್ಟಿಗೆ ಎತ್ತಿಕೊಂಡು ಪಡಸಾಲೆಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

ಪಕ್ಕದ ರೂಮುಗಳಿಂದ ಜನ ಬಂದು ಗುಂಪು ಕಟ್ಟಿದರು. ಕೆಳಗೆ ಕಾಫಿ ಕುಡಿಯುತ್ತಿದ್ದ ಪೇದೆಯೊಬ್ಬನನ್ನು ಮರುಳಪ್ಪ ಕೂಗಿ ಕರೆಸಿದ. ಅಮ್ಮನಿಗೆ ಹೊಡೆದರು, ಜಾತಿ ಎತ್ತಿ ಬೈದರು, ಇದಕ್ಕೆ ಕಾನೂನಿದೆ ಎಂದು ಗಂಗಯ್ಯ ಹೇಳಿದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು, ಜ್ವರಕ್ಕೋ ಭಯಕ್ಕೋ. ಪೇದೆ ಮೀಸೆಯ ಮೇಲಿನ ಕಾಫಿ ಒರೆಸಿಕೊಂಡು ಕೇಳಿದ. ನಿನಗೆ ರೂಮು ಕೊಟ್ಟಿದ್ದಾರೋ ಇಲ್ಲವೋ. ಕೊಟ್ಟಿದ್ದಾರೆ. ಮಲಗಿದ್ದೆಯೋ ಇಲ್ಲವೋ. ಮಲಗಿದ್ದೆ.

“ಮತ್ತೆ ಅಸ್ಪೃಶ್ಯತೆ ಎಲ್ಲೈತೆ ಇದ್ರಾಗೆ? ರೂಮು ಕೊಡ್ಲಿಲ್ಲ ಅಂದಿದ್ರೆ ಕೇಸು. ಕೊಟ್ಟವ್ರಲ್ಲಪ್ಪ.”

ನೋಡುತ್ತಿದ್ದವರಲ್ಲಿ ಯಾರೋ ನಕ್ಕರು. ಸುಳ್ಳು ಹೇಳಿಕೊಂಡು ರೂಮು ಹಿಡಿದದ್ದಕ್ಕೆ ಬೇಕಾದರೆ ಇವರ ಮೇಲೇ ಕೇಸು ಬರೆಯಬಹುದು ಎಂದು ಪೇದೆ ಮರುಳಪ್ಪನಿಗೆ ಹೇಳಿದ. ಬಿ.ಕಾಂ. ಓದಿದ ಹುಡುಗ ಬಾಯಿ ತೆರೆದುಕೊಂಡು ನಿಂತಿದ್ದ.

ಕೇಸು ಬೇಡ ಎಂದ ಮರುಳಪ್ಪ. ತಾಯಿ ಮಗ ಇಬ್ಬರೂ ಸೇರಿ ಹಾಸಿಗೆ, ಮಂಚ, ಹೂಜಿ ಎಲ್ಲ ಹಿತ್ತಲಿಗೆ ಸಾಗಿಸಿ ತೊಳೆಯಬೇಕು. ಆಮೇಲೆ ರೂಮು, ಪಡಸಾಲೆ, ಮೆಟ್ಟಿಲು. ಅವನು ಎಲ್ಲೆಲ್ಲಿ ಕಾಲಿಟ್ಟಿದ್ದಾನೋ ಅಲ್ಲೆಲ್ಲ. ತೊಳೆದು ಹೋದರೆ ಇವತ್ತಿನದು ಇಲ್ಲಿಗೇ ಮುಗಿಯಿತು ಅಂದ. ಅದು ದೊಡ್ಡ ಮನಸ್ಸಿನ ಮಾತು ಎಂದು ಪೇದೆ ಒಪ್ಪಿಕೊಂಡ.

ಗಂಗಯ್ಯ ಸುತ್ತಲೂ ನೋಡಿದ. ಬಾಗಿಲ ತುಂಬ ಮುಖಗಳು. ಅವನು ಅಂಗಿಯ ತೋಳು ಮೇಲಕ್ಕೆ ಮಡಿಚಿದ. ಬಗ್ಗಿ ಒದ್ದೆ ಹಾಸಿಗೆಯ ಎರಡು ಮೂಲೆ ಹಿಡಿದುಕೊಂಡ.

ಅವನು ಬಗ್ಗಿದ್ದನ್ನು ಚಿಕ್ಕಗಂಗಮ್ಮ ನೋಡಿದಳು. ಚಪ್ಪಲಿ ಏಟಿಗೆ ಆಗದೇ ಇದ್ದದ್ದು ಅವಳಿಗೆ ಆಗ ಆಯಿತು. ಅವನ ಬೆನ್ನು ಥೇಟು ಅವರಪ್ಪನ ಬೆನ್ನಾಗಿತ್ತು.

“ಬುಡ್ಲಾ ಅದನ್ನ” ಅಂದಳು.

ಅವನು ಬಿಡಲಿಲ್ಲ. ಕೇಳಿಸಿತೋ ಇಲ್ಲವೋ. ಅವಳು ಹೋಗಿ ಅವನ ಕೈ ಬಿಡಿಸಿದಳು. ಮರುಳಪ್ಪನ ಕಡೆ ತಿರುಗಿದಳು. ಅವನ ಮುಖವನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದಿಲ್ಲ.

“ನಿಮ್ಮ ಕಕ್ಕಸು ತೊಳ್ದಿವ್ನಿ. ಊರೋರ ಹೇಲೆಲ್ಲ ಬಳ್ದಿವ್ನಿ. ನನ್ ಮಗ ಮಲಗಿದ್ದ ಹಾಸ್ಗೆ ತೊಳಿಯಾಕಿಲ್ಲ.”

“ತೊಳೀದೆ ಎಲ್ಲಿಗೆ ಹೋಗ್ತೀಯ?”

“ಸುಟ್ಟುಹಾಕ್ಕಳಿ. ನಾನು ಮುಟ್ಟಾಕಿಲ್ಲ. ಅವನೂ ಮುಟ್ಟಾಕಿಲ್ಲ.”

ಪೇದೆ ಏನೋ ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಮಗನ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಅವನ ಕೈ ಹಿಡಿದು ಎಳೆದುಕೊಂಡು ಮುಂದಿನ ಮೆಟ್ಟಿಲಿಂದಲೇ ಇಳಿದಳು. ಹಿಂದಿನ ಮೆಟ್ಟಿಲಿಗೆ ಹೋಗಲು ಜನ ದಾರಿ ಬಿಡಲಿಲ್ಲ, ಅದಕ್ಕೆ. ಮುಂದಿನ ಮೆಟ್ಟಿಲು ಊಟದ ಹಾಲಿಗೆ ಇಳಿಯುತ್ತಿತ್ತು. ಉಣ್ಣುತ್ತಿದ್ದವರು ಎಲೆ ಎಳೆದುಕೊಂಡರು. ಒಬ್ಬ ಎದ್ದೇ ಹೋದ. ಬಾಗಿಲ ಹತ್ತಿರ ಕೆಂಪಕ್ಕ ಒಣಗಿದ ದುಪ್ಪಟಿಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ನೆಲ ನೋಡಿದಳು. ಬೀದಿಗೆ ಬಿದ್ದ ಮೇಲೆ ಚಿಕ್ಕಗಂಗಮ್ಮನಿಗೆ ಆ ವಾರದ ಕೂಲಿ ಬರಬೇಕಿತ್ತು ಅನ್ನುವುದು ನೆನಪಾಯಿತು. ತಿರುಗಿ ಹೋಗಿ ಕೇಳುವ ಹಾಗಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಲ್ಲಿನ ಮೇಲೆ ಕೂತರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಮೈ ಮುದುಡಿಕೊಂಡು ನಡುಗುತ್ತಿದ್ದ. ಅವಳಿಗೆ ಈಗ ಸಿಟ್ಟು ಬಂತು. ಬರಬೇಕಾದವರ ಮೇಲೆ ಬರಲಿಲ್ಲ. ಮಗನ ಮೇಲೆ ಬಂತು. ನಿನ್ನ ಬಾಯಿ ಯಾಕೆ ಸುಮ್ಮನಿರಲಿಲ್ಲ, ನಾನೇ ಕೂತುಕೊಂಡೆ ಅಂದಿದ್ದೆನಲ್ಲ, ಇನ್ನೆರಡು ಹೊಡೆದು ಬಿಡುತ್ತಿದ್ದ, ನಿನ್ನ ರೂಮು ಉಳಿಯುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತು ಅಂದಳು.

“ನಿಂಗೆ ಹೊಡೀತಿದ್ರೆ ನೋಡ್ಕೊಂಡು ನಿಂತಿರ್ಬೇಕಿತ್ತೇನವ್ವ?” ಅಂದ.

“ಮೊನ್ನೆಯಿಂದ ನಿಂತಿರ್ಲಿಲ್ವಾ?”

ಅವನು ಮುಖ ಮುಚ್ಚಿಕೊಂಡು ಅತ್ತ. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಅವಳು ಅವನ ತಲೆ ಮುಟ್ಟಲು ಹೋದಳು. ಕೈಯಲ್ಲಿ ಬ್ಲೀಚಿಂಗ್ ವಾಸನೆ ಇತ್ತು. ಸೆರಗಿಗೆ ಒರೆಸಿಕೊಂಡಳು. ವಾಸನೆ ಹೋಗಲಿಲ್ಲ. ಆದರೂ ಮುಟ್ಟಿದಳು.

ಊರಿಗೆ ಬಂದು ಅವನು ಗೋಡೆಗೆ ಮುಖ ಮಾಡಿ ಮಲಗಿಕೊಂಡ. ಜ್ವರ ಇಳಿದ ಮೇಲೂ ಏಳಲಿಲ್ಲ. ಸುದ್ದಿ ಹೇಗೋ ಹಬ್ಬಿ ತಿಪಟೂರಿನ ಹಾಸ್ಟೆಲಿನಿಂದ ಕಾಲೇಜು ಹುಡುಗರು ಕೇರಿಗೆ ಬಂದರು. ಒಬ್ಬನ ಹೆಸರು ಮಾರಯ್ಯ, ಗಡ್ಡ ಬಿಟ್ಟಿದ್ದ, ದಲಿತ ಸಂಘದವನು. ಲಾಡ್ಜಿನ ಮುಂದೆ ಧರಣಿ ಕೂರುತ್ತೇವೆ, ತಾಲ್ಲೂಕು ಕಚೇರಿಗೆ ಹೋಗುತ್ತೇವೆ, ನೀವು ನಡೆದದ್ದನ್ನು ಬರೆದುಕೊಡಿ ಅಂದ. ಗಂಗಯ್ಯ ಯೋಚನೆ ಮಾಡಿ ಹೇಳುತ್ತೇನೆ ಅಂದ. ಕೊಡು ಅಂತ ಅವಳು ಹೇಳಿದಳು. ಕೊಟ್ಟರೆ ಹನುಮಂತಯ್ಯನವರ ಹೆಸರೂ ಬರೆಯಬೇಕಾಗುತ್ತದೆ, ಆಮೇಲೆ ಆ ಆಫೀಸಿನಲ್ಲಿ ತಾನು ಇರುವುದು ಹೇಗೆ ಅಂತ ಅವನು ಕೇಳಿದ. ಹುಡುಗರು ಮತ್ತೆ ಬರುವಷ್ಟರಲ್ಲಿ ಅವನು ಬೆಂಗಳೂರಿಗೆ ಹೋಗಿದ್ದ. ಅವಳೇ ಬರುತ್ತೇನೆ ಅಂದಳು.

ಹೋದಳು. ಬಿಸಿಲಲ್ಲಿ ಹುಡುಗರ ಜೊತೆ ಲಾಡ್ಜಿನ ಎದುರು ಕೂತಳು. ಮಾರಯ್ಯ ಗಂಟಲು ಕಿತ್ತುಹೋಗುವವರೆಗೂ ಕೂಗಿದ. ಮಂಡಿಯ ಕೂಲಿಯವರು ನಿಂತು ನೋಡಿ ಹೋದರು. ಅವರಲ್ಲಿ ಅವಳ ಕೇರಿಯವರೂ ಇದ್ದರು. ಅವರು ಕೂರಲಿಲ್ಲ. ಮಂಡಿ ಯಜಮಾನರೆಲ್ಲ ಮರುಳಪ್ಪನ ಕಡೆಯವರು. ಹನುಮಂತಯ್ಯನವರು ಬೆಂಗಳೂರಿಗೆ ಹೋಗಿದ್ದರು. ಮರುಳಪ್ಪ ಹುಡುಗರಿಗೆ ಕುಡಿಯಲು ನೀರು ಕಳಿಸಿದ, ಗಾಜಿನ ಲೋಟದ ತುಂಬ. ಅವರು ಮುಟ್ಟಲಿಲ್ಲ. ಸಾಯಂಕಾಲ ಪೊಲೀಸರು ಬಂದು ಎಬ್ಬಿಸಿದರು. ಮಾರನೆಯ ದಿನ ಲಾಡ್ಜಿನ ರೂಮೆಲ್ಲ ತುಂಬಿದ್ದವಂತೆ.

ಗಂಗಯ್ಯ ಬೆಂಗಳೂರಿಗೆ ಹೋದಾಗ ಅವನ ರೂಮಿಗೆ ಹೊಸ ಬೀಗ ಬಿದ್ದಿತ್ತು. ಟ್ರಂಕು, ಸ್ಟವ್ವು, ಪುಸ್ತಕ ಎಲ್ಲ ಹೊರಗೆ ಜಗಲಿಯ ಮೇಲೆ ಜೋಡಿಸಿಟ್ಟಿದ್ದರು. ಯಾವುದೂ ಒಡೆದಿರಲಿಲ್ಲ. ಆಫೀಸಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅವನ ಮೇಜಿಗೆ ಮಾತ್ರ ಕಾಫಿ ಬೇರೆ ಲೋಟದಲ್ಲಿ ಬರತೊಡಗಿತು. ಅವನು ಕಾಫಿ ಬಿಟ್ಟ. ದೂರಕ್ಕೆ ವರ್ಗ ಕೇಳಿಕೊಂಡು ರಾಯಚೂರಿಗೆ ಹೋದ. ಹೋಗುವ ಮುಂಚೆ ಊರಿಗೆ ಬಂದು ಇದೆಲ್ಲ ಹೇಳಿದ. ಅವ್ವ ನೀನೂ ಬಾ ಅಂದ. ಅಲ್ಲಿ ಯಾವ ಹೆಸರಲ್ಲಿ ಮನೆ ಮಾಡುತ್ತೀಯ ಅಂತ ಅವಳು ಕೇಳಲಿಲ್ಲ. ಮುಂದಿನ ಸಲ ಬತ್ತೀನಿ ಅಂದಳು.

ಅವಳಿಗೆ ಆಮೇಲೆ ಕೆಲಸ ಸಿಗಲಿಲ್ಲ. ಮಂಡಿಯವರು ದೂರದಿಂದಲೇ ಕೈ ಆಡಿಸುತ್ತಿದ್ದರು. ತೋಟದವರು ಸೋಗೆ ಹೆಣೆಯಲೂ ಕರೆಯಲಿಲ್ಲ. ಮರುಳಪ್ಪನೇ ಹೇಳಿ ಕಳಿಸಿದ. ಕಕ್ಕಸು ಕಟ್ಟಿಕೊಂಡು ವಾಸನೆಗೆ ಜನ ನಿಲ್ಲುತ್ತಿಲ್ಲ, ಆದದ್ದೆಲ್ಲ ಮರೆತು ಬಾ, ಕೂಲಿ ಜಾಸ್ತಿ ಮಾಡುತ್ತೇನೆ ಅಂತ. ಬರಾಕಿಲ್ಲ ಅಂತ ಹೇಳು ಅಂದಳು. ಇನ್ನೊಮ್ಮೆ ಕಳಿಸಿದ. ಆಗಲೂ ಹಾಗೇ ಅಂದಳು.

ಒಂದು ಬೆಳಿಗ್ಗೆ ಅವಳ ಮೈದುನನ ಹೆಂಡತಿ ನಿಂಗಮ್ಮ ಬಾಗಿಲಿಗೆ ಬಂದಳು. ಗಂಡ ಬಿಟ್ಟುಹೋದವಳು. ಸೊಂಟದಲ್ಲಿ ಒಂದು ಮಗು, ಇನ್ನೊಂದು ಸೆರಗು ಹಿಡಿದುಕೊಂಡಿತ್ತು. ಹೇಗೆ ಕೇಳುವುದು ಅಂತ ತಿಳಿಯದೆ ಹೊಸಿಲು ಕೆರೆಯುತ್ತಾ ನಿಂತಳು. ಲಾಡ್ಜಿನವರು ತನಗೆ ಹೇಳಿ ಕಳಿಸಿದ್ದಾರೆ, ನೀನು ಬೇಡ ಅಂದರೆ ಹೋಗುವುದಿಲ್ಲ ಅಂದಳು.

ಚಿಕ್ಕಗಂಗಮ್ಮ ಮಕ್ಕಳನ್ನು ನೋಡಿದಳು. ಬೇಡ ಅನ್ನಲು ಅವಳ ಮನೆಯಲ್ಲಿ ಕೊಡಲು ಏನೂ ಇರಲಿಲ್ಲ. ಹೋಗು ಅನ್ನಲೂ ನಾಲಿಗೆ ಏಳಲಿಲ್ಲ. ಮಕ್ಕಳು ಇಲ್ಲೇ ಇರಲಿ ಅಂದಳು. ಅದೇ ಒಪ್ಪಿಗೆ ಅಂತ ನಿಂಗಮ್ಮ ತಿಳಿದುಕೊಂಡಳು. ಪೊರಕೆ ಎಲ್ಲಿಟ್ಟಿರುತ್ತಾರೆ, ಯಾವ ಬಾಗಿಲಿಂದ ಹೋಗಬೇಕು ಅಂತ ಕೇಳಿದಳು. ಇವಳು ಹೇಳಿದಳು. ಕೈಗೆ ಹಚ್ಚಿಕೊಳ್ಳಲು ಸ್ವಲ್ಪ ಕೊಬ್ಬರಿ ಎಣ್ಣೆ ಕೊಟ್ಟಳು.

“ಇನ್ನೇನಾರ ಹೇಳೋದೈತಾ ಅಕ್ಕ?” ಅಂದಳು ನಿಂಗಮ್ಮ.

ಇತ್ತು. ಯಾರು ಕರೆದರೂ ಮಂಚದ ಮೇಲೆ ಕೂರಬೇಡ. ಯಾರು ಕೊಟ್ಟರೂ ಲೋಟ ಮುಟ್ಟಬೇಡ. ಮಾತು ಬಾಯಿಯವರೆಗೂ ಬಂದಿತ್ತು. ಹೇಳಿದರೆ ಅವಳು ಏಟಿನಿಂದ ಉಳಿದುಕೊಳ್ಳುತ್ತಾಳೆ. ಆದರೆ ಅದು ಮರುಳಪ್ಪನ ಮಾತು. ತನ್ನ ಬಾಯಿಂದ ಅದನ್ನು ಆಡಲು ಅವಳಿಂದ ಆಗಲಿಲ್ಲ.

“ಏನಿಲ್ಲ” ಅಂದಳು. “ಹೋಗವ್ವ, ಬಸ್ಸು ಹೊಂಟೋಯ್ತದೆ.”

ನಿಂಗಮ್ಮ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ತೋಟಗಳ ನಡುವಿನ ದಾರಿ ಹಿಡಿದಳು. ಸೆರಗು ಹಿಡಿದಿದ್ದ ಮಗು ಅಮ್ಮನ ಹಿಂದೆ ಓಡಲು ಹೋಯಿತು. ಚಿಕ್ಕಗಂಗಮ್ಮ ಅದನ್ನು ಎತ್ತಿಕೊಂಡಳು. ಅದು ಒದೆಯಿತು, ಪರಚಿತು, ಕಿರುಚಿತು. ಅವಳು ಬಿಡಲಿಲ್ಲ.